ಅಸೈಲಂ ತಡವಾಗಿದ್ದಕ್ಕೆ ಹಾಕಿದ ಕೇಸನ್ನು ‘ಸದ್ಯಕ್ಕೆ ನಿಲ್ಲಿಸೋಣ’ ಅಂತಿದ್ದಾರೆ, ಒಪ್ಪಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವನು, ನ್ಯೂಜೆರ್ಸಿಯಲ್ಲಿ ಕೆಲಸ. ನನ್ನ ಜೊತೆ ಕೆಲಸ ಮಾಡುವ ಇಥಿಯೋಪಿಯಾದ ಗೆಳೆಯರೊಬ್ಬರು 2019ರಲ್ಲಿ ಅಮೆರಿಕದಲ್ಲಿ ಅಸೈಲಂಗೆ, ಅಂದರೆ ತಾಯ್ನಾಡಿನಲ್ಲಿ ಕಿರುಕುಳದ ಭಯ ಇರುವವರಿಗೆ ಕೊಡುವ ಆಶ್ರಯಕ್ಕೆ, ಅರ್ಜಿ ಹಾಕಿದ್ದರು. ಹೆಂಡತಿ, ಮಗಳು ಅಡಿಸ್ ಅಬಾಬಾದಲ್ಲೇ ಇದ್ದಾರೆ. ಇಷ್ಟು ವರ್ಷವಾದರೂ ಸಂದರ್ಶನಕ್ಕೇ ಕರೆಯದೆ ಇದ್ದದ್ದಕ್ಕೆ ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್ ಕೇಸು (ಅಧಿಕಾರಿಗಳು ತಮ್ಮ ಕೆಲಸ ಮಾಡುವಂತೆ ಆದೇಶಿಸಿ ಅಂತ ಕೇಳುವ ಕೇಸು) ಹಾಕಿದರು. ಈಗ ಸರ್ಕಾರಿ ವಕೀಲರು ‘ಸಂದರ್ಶನಕ್ಕೆ ದಿನ ಕೊಡುತ್ತೇವೆ, ಕೇಸನ್ನು ಸದ್ಯಕ್ಕೆ ನಿಲ್ಲಿಸೋಣ’ ಅಂತ ಇಮೇಲ್ ಮಾಡಿದ್ದಾರೆ. ಇದು ಮತ್ತೆ ಕಾಯಿಸುವ ಉಪಾಯ ಅನ್ನೋದು ಗೆಳೆಯರ ಭಯ. ಒಪ್ಪಬಹುದಾ? ನಿಮ್ಮ ಉತ್ತರವನ್ನು ನಾನೇ ಅವರಿಗೆ ವಿವರಿಸಿ ಹೇಳುತ್ತೇನೆ.

ಉತ್ತರ: ಒಪ್ಪಬಹುದು. ಆದರೆ ತಾರೀಖುಗಳು ಬರವಣಿಗೆಯಲ್ಲಿ ಬಂದ ಮೇಲೆ ಮಾತ್ರ. ಇನ್ನೊಂದು ಮಾತು, ಕೇಸು ನಿಲ್ಲಿಸೋಕೆ ಒಪ್ಪಲಿ, ವಾಪಸ್ ತಗೊಳ್ಳೋಕೆ ಬೇಡ.

ನಿಮ್ಮ ಗೆಳೆಯರ ಭಯ ಸುಮ್ನೆ ಹುಟ್ಟಿದ್ದಲ್ಲ. 2018ರ ಜನವರಿಯಿಂದ ಯುಎಸ್‌ಸಿಐಎಸ್ (ಈ ಅರ್ಜಿಗಳನ್ನು ನೋಡುವ ಅಮೆರಿಕದ ವಲಸೆ ಇಲಾಖೆ) ಹೊಸ ಅರ್ಜಿಗಳನ್ನೇ ಮೊದಲು ಕರೆಯುತ್ತಾ ಬಂದಿದೆ, ಹಾಗಾಗಿ 2019ರ ಅರ್ಜಿಯವರು ಹಿಂದೆ ಹಿಂದೆ ಸರಿಯುತ್ತಾ ಹೋದರು. 2024ರಲ್ಲಿ ಹಳೆಯ ಅರ್ಜಿಗಳಿಗೆ ಅಂತ ಕೆಲವು ಅಧಿಕಾರಿಗಳನ್ನು ಬೇರೆ ಇಟ್ಟರು, ಆದರೆ ಸಾಲು ಬಹಳ ಉದ್ದ ಇದೆ. ಹೆಂಡತಿ ಮಕ್ಕಳನ್ನು ಬಿಟ್ಟು ಇಷ್ಟು ವರ್ಷ ಕಾದವರಿಗೆ ‘ಇನ್ನೂ ಸ್ವಲ್ಪ ತಡೀರಿ’ ಅಂದರೆ ಹೊಟ್ಟೆ ಉರಿಯದೆ ಇರುತ್ತಾ?

ಆದರೂ ‘ಬೇಡ, ಕೇಸು ನಡೀಲಿ’ ಅಂತ ಹಟ ಹಿಡಿದರೆ ಏನಾಗುತ್ತದೆ ನೋಡಿ. ಸಮನ್ಸ್ ತಲುಪಿದ ಮೇಲೆ ಉತ್ತರ ಕೊಡೋಕೆ ಸರ್ಕಾರಕ್ಕೆ 60 ದಿನ ಇರುತ್ತದೆ. ಒಪ್ಪಂದ ಆಗದಿದ್ದರೆ ಅವರು ಸಾಮಾನ್ಯವಾಗಿ ಉತ್ತರದ ಬದಲು ‘ಈ ಕೇಸನ್ನೇ ವಜಾ ಮಾಡಿ’ ಅಂತ ಅರ್ಜಿ ಹಾಕುತ್ತಾರೆ. ಅಸೈಲಂ ಕಾನೂನಿನಲ್ಲಿ 45 ದಿನದೊಳಗೆ ಸಂದರ್ಶನ, 180 ದಿನದೊಳಗೆ ತೀರ್ಮಾನ ಅಂತ ಬರೆದಿದೆ ನಿಜ. ಅದೇ ಸೆಕ್ಷನ್‌ನಲ್ಲೇ, ಈ ಗಡುವು ಹಿಡಿದುಕೊಂಡು ಯಾರೂ ಕೋರ್ಟಿಗೆ ಬರುವ ಹಕ್ಕಿಲ್ಲ ಅಂತಲೂ ಬರೆದಿದೆ. ಹಾಗಾಗಿ ನ್ಯಾಯಾಧೀಶರು ‘ಈ ತಡ ಸಮಂಜಸವಾ?’ ಅನ್ನೋದನ್ನ ಸರ್ಕಾರಿ ಸಂಸ್ಥೆಗಳ ತಡವನ್ನು ಕುರಿತ 1984ರ ಟ್ರ್ಯಾಕ್ ವರ್ಸಸ್ ಎಫ್‌ಸಿಸಿ ತೀರ್ಪಿನ ಅಳತೆಗೋಲಿನಲ್ಲಿ ತೂಗುತ್ತಾರೆ. ಇವರೊಬ್ಬರನ್ನು ಮುಂದೆ ಕರೆದರೆ ಸಾಲಿನಲ್ಲಿರುವ ಉಳಿದವರು ಹಿಂದೆ ಬೀಳುತ್ತಾರೆ ಅನ್ನೋ ಕಾರಣಕ್ಕೆ ಎಷ್ಟೋ ವರ್ಷ ಕಾದವರ ಕೇಸನ್ನೂ ವಜಾ ಮಾಡಿದ ನ್ಯಾಯಾಧೀಶರಿದ್ದಾರೆ. ಸರ್ಕಾರವೇ ದಿನ ಕೊಡುತ್ತೇನೆ ಅಂದಾಗ ಆ ಅಪಾಯಕ್ಕೆ ಕೈ ಹಾಕುವುದು ಬೇಡ.

ಈಗ ಕಾಗದದ ವಿಷಯ. ಎರಡೂ ಕಡೆಯ ವಕೀಲರು ಸೇರಿ ಕೋರ್ಟಿಗೆ ಒಂದು ಜಂಟಿ ಅರ್ಜಿ ಹಾಕುತ್ತಾರೆ, ಹೆಚ್ಚೆಂದರೆ ಎರಡು ಮೂರು ಪುಟ. ಅದರ ಒಂದೊಂದು ಸಾಲನ್ನೂ ಗೆಳೆಯರು ತಮ್ಮ ವಕೀಲರ ಪಕ್ಕ ಕೂತು ಓದಲಿ. ಸಂದರ್ಶನದ ತಾರೀಖು ಇರಬೇಕು, ‘ಶೀಘ್ರದಲ್ಲಿ’ ಅನ್ನೋದು ಸಾಲದು. ಸಂದರ್ಶನ ಆದ ಎಷ್ಟು ದಿನದೊಳಗೆ ತೀರ್ಮಾನ ಅನ್ನೋದು ಇರಬೇಕು. ಇಂಥ ಒಪ್ಪಂದಗಳಲ್ಲಿ 120 ದಿನ ಅಂತ ಬರೆಯುವುದನ್ನು ಜಾಸ್ತಿ ನೋಡಿದ್ದೇನೆ. ಅಲ್ಲಿ ‘ತೀರ್ಮಾನಿಸಲು ಪ್ರಯತ್ನಿಸುತ್ತದೆ’ ಅಂತ ಸಡಿಲವಾಗಿ ಬರೆದಿದ್ದರೆ ‘ತೀರ್ಮಾನಿಸತಕ್ಕದ್ದು’ ಅಂತ ಮಾಡಿಸೋಕೆ ನೋಡಿ. ಅವರು ಪೂರ್ತಿ ಒಪ್ಪೋದು ಕಷ್ಟ. ಒಪ್ಪದಿದ್ದರೆ ಅದರ ಬೆನ್ನಿಗೇ, ಆ ದಿನ ದಾಟಿದರೆ ನಾವು ತಡೆ (ಕೇಸು ನಿಲ್ಲಿಸಿದ ಆದೇಶ) ತೆರವು ಮಾಡಿಸಿಕೊಂಡು ಕೇಸು ಮುಂದುವರಿಸಬಹುದು ಅನ್ನೋ ಸಾಲು ಸೇರಿಸಿ. ನಾನು ಕೇಳಿದರೆ ಇಡೀ ಕಾಗದದಲ್ಲಿ ಬಹಳ ಮುಖ್ಯವಾದ ಸಾಲು ಅದೇ. ಜೊತೆಗೆ ಆಗಾಗ ಎರಡೂ ಕಡೆಯವರು ಕೋರ್ಟಿಗೆ ಸ್ಥಿತಿಗತಿ ವರದಿ ಕೊಡಬೇಕು ಅಂತ ಇರಲಿ, ಆಗ ಕಡತ ಮೂಲೆ ಸೇರೋದಿಲ್ಲ.

ಕೇಸು ವಜಾ ಆಗಲಿ, ಬೇಕಾದರೆ ಮತ್ತೆ ಹಾಕಿಕೊಳ್ಳಬಹುದಲ್ಲ ಅಂತ ಸರ್ಕಾರಿ ವಕೀಲರು ಹೇಳಬಹುದು. ಮತ್ತೆ ಹಾಕುವ ಹಕ್ಕು ಉಳಿದರೂ 405 ಡಾಲರ್ ಶುಲ್ಕ ಹೊಸದಾಗಿ ಕಟ್ಟಬೇಕು, ಸಮನ್ಸ್ ಮತ್ತೆ ಕಳಿಸಬೇಕು, 60 ದಿನ ಮತ್ತೆ ಮೊದಲಿಂದ. ಇನ್ನು ಆ ಹಕ್ಕೂ ಹೋಗುವಂತೆ ಬರೆದಿದ್ದರೆ ಸಹಿ ಹಾಕಲೇಬೇಡಿ. ತಡೆಗೆ ಒಪ್ಪಿದ ಮೇಲೆ ಕೆಲವು ನ್ಯಾಯಾಧೀಶರು ಕೇಸನ್ನು ‘ಆಡಳಿತಾತ್ಮಕವಾಗಿ ಮುಚ್ಚಿದೆ’ ಅಂತ ಆದೇಶ ಮಾಡುತ್ತಾರೆ. ಅದನ್ನು ನೋಡಿ ಗಾಬರಿ ಆಗಬೇಡಿ, ಅದು ವಜಾ ಅಲ್ಲ, ಅರ್ಜಿ ಕೊಟ್ಟು ಮತ್ತೆ ತೆರೆಸಬಹುದು.

ಸಹಿಗೆ ಮುಂಚೆ ಒಂದು ಪ್ರಶ್ನೆಯನ್ನು ಇಮೇಲಿನಲ್ಲೇ ಕೇಳಿಸಿ. 2025ರ ನವೆಂಬರ್ ಕೊನೆಯಲ್ಲಿ, ವಾಷಿಂಗ್ಟನ್‌ನಲ್ಲಿ ನ್ಯಾಷನಲ್ ಗಾರ್ಡ್ ಸಿಬ್ಬಂದಿ ಮೇಲೆ ಗುಂಡಿನ ದಾಳಿ ಆದ ಬೆನ್ನಲ್ಲೇ, ಯುಎಸ್‌ಸಿಐಎಸ್ ಅಸೈಲಂ ತೀರ್ಮಾನಗಳನ್ನೆಲ್ಲ ತಡೆಹಿಡಿದಿತ್ತು. ಹಾಗಾಗಿ ‘ಈ ಕಡತದ ಮೇಲೆ ಈಗ ಅಂಥ ಯಾವುದಾದರೂ ತಡೆ ಇದೆಯಾ? ಇದ್ದರೆ 120 ದಿನದ ಮಾತು ಹೇಗೆ ಉಳಿಸಿಕೊಳ್ಳುತ್ತೀರಿ?’ ಅಂತ ಗೆಳೆಯರ ವಕೀಲರು ನೇರವಾಗಿ ಬರೆದು ಕೇಳಲಿ. ಫೋನಿನಲ್ಲಿ ಹೇಳಿದ್ದು ನಾಳೆ ಕೋರ್ಟಿನಲ್ಲಿ ಲೆಕ್ಕಕ್ಕೆ ಬರೋದಿಲ್ಲ. ಬರೆದು ಕೊಟ್ಟಿದ್ದರೆ ತಡೆ ತೆರವಿನ ಅರ್ಜಿಗೆ ಅದನ್ನೇ ಲಗತ್ತಿಸಬಹುದು.

ಒಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳಬೇಕು, ನೀವೂ ಅವರಿಗೆ ಹಾಗೇ ಹೇಳಿ. ಈ ಕೇಸು ತೀರ್ಮಾನವನ್ನು ಬೇಗ ತರಿಸುತ್ತದೆ, ಪರವಾಗಿ ತರಿಸೋದಿಲ್ಲ. ಅಧಿಕಾರಿಗೆ ಒಪ್ಪಿಗೆ ಆಗದಿದ್ದರೆ, ಗೆಳೆಯರಿಗೆ ಬೇರೆ ವೀಸಾ ಇಲ್ಲದ ಪಕ್ಷದಲ್ಲಿ, ಕಡತ ಇಮಿಗ್ರೇಷನ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ನ್ಯಾಯಾಧೀಶರ ಮುಂದೆ ಮತ್ತೊಮ್ಮೆ ಎಲ್ಲ ಹೇಳುವ ಅವಕಾಶ ಇದೆ, ಆದರೆ ಅದು ಗಡೀಪಾರಿನ ವಿಚಾರಣೆ. ಯುಎಸ್‌ಸಿಐಎಸ್ ತೀರ್ಮಾನ ಕೊಟ್ಟ ಮೇಲೆ ಮ್ಯಾಂಡಮಸ್ ಕೇಸಿಗೆ ಕೆಲಸ ಇರೋದಿಲ್ಲ.

ಹಾಗಾಗಿ ಕೇಸು ನಿಂತಿರುವ ದಿನಗಳು ಸಂದರ್ಶನದ ತಯಾರಿಗೆ. 2019ರಲ್ಲಿ ಬರೆದ ಹೇಳಿಕೆ ಈಗ ಹಳೆಯದು, ಆಮೇಲೆ ಊರಿನಲ್ಲಿ ಆದದ್ದು, ಮನೆಯವರಿಗೆ ಆದದ್ದು ಎಲ್ಲ ಸೇರಿಸಿ ಹೊಸ ಹೇಳಿಕೆ ಕೊಡಲಿ. ಹಳೆಯ ಹೇಳಿಕೆಯನ್ನೂ ಕೂತು ಓದಿಕೊಳ್ಳಲಿ, ತಾರೀಖು ಒಂದಕ್ಕೊಂದು ಹೊಂದದಿದ್ದರೆ ಅಧಿಕಾರಿ ಅಲ್ಲೇ ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ಸರಾಗ ಇಲ್ಲದಿದ್ದರೆ ದುಭಾಷಿಯನ್ನು ತಾವೇ ಕರೆದುಕೊಂಡು ಹೋಗಬೇಕು, 2023ರ ಸೆಪ್ಟೆಂಬರ್‌ನಿಂದ ಅದೇ ನಿಯಮ. ದುಭಾಷಿಗೆ 18 ತುಂಬಿರಬೇಕು, ಗೆಳೆಯರ ವಕೀಲರಾಗಲಿ ಸಾಕ್ಷಿಯಾಗಲಿ ಆ ಕೆಲಸ ಮಾಡುವಂತಿಲ್ಲ. ದುಭಾಷಿ ಬರಲಿಲ್ಲ ಅಂತ ಸಂದರ್ಶನ ಮುಂದೆ ಹೋದರೆ ಆ ತಡ ಗೆಳೆಯರ ತಲೆಗೇ ಬರುತ್ತದೆ, ಒಪ್ಪಂದದ ದಿನಗಳೂ ಕೈತಪ್ಪುತ್ತವೆ.

ಮಗಳ ಹೆಸರು ಐ-589ರಲ್ಲಿ, ಅಂದರೆ ಅಸೈಲಂ ಅರ್ಜಿಯಲ್ಲಿ, ಇದೆಯಾ ಅಂತ ಇವತ್ತೇ ನೋಡಿಸಿ. ಅರ್ಜಿ ಹಾಕಿದ ದಿನ ಅವಳಿಗೆ 21 ತುಂಬಿರದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದೇ ವಯಸ್ಸು ಉಳಿಯುತ್ತದೆ, ಮದುವೆ ಮಾತ್ರ ಆಗಿರಬಾರದು. ಹೆಸರು ಬಿಟ್ಟುಹೋಗಿದ್ದರೆ ಸಂದರ್ಶನದಲ್ಲೇ ಸೇರಿಸಬೇಕು. ಅಸೈಲಂ ಸಿಕ್ಕಿದ ಮೇಲೆ ಹೆಂಡತಿ, ಮಗಳಿಬ್ಬರನ್ನೂ ಕರೆಸಿಕೊಳ್ಳೋಕೆ ಐ-730 ಅರ್ಜಿ, ಅದಕ್ಕೆ ಎರಡು ವರ್ಷದ ಗಡುವು.