ಚಮಚಾ ಕೊಡ್ಲೋ, ಲೋಟಾ ಕೊಡ್ಲೋ?

ಚಳಿಗಾಲದ ಹಣ್ಣು, ಗೋಡಂಬಿ, ಆಕ್ರೋಟು ಹಾಕಿ ಸಲಾಡ್ ಮಾಡಿದರೆ ಅರ್ಧ ಗಂಟೆಗೇ ನೀರಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸಕ್ಕರೆ, ಉಪ್ಪು ಮೊದಲೇ ಕಲಸಿಡುತ್ತೀರಿ, ಅಲ್ವಾ?

ನಾನೂ ಹಾಗೇ ಮಾಡಿ ಮಾನ ಕಳೆದುಕೊಂಡವಳು. ನಮ್ಮೂರು ಧಾರವಾಡ, ಈಗಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಒಂದು ಸಂಕ್ರಾಂತಿಗೆ ಪಿಂಪ್ರಿಯ ವೈನಿ, ಅಂದರೆ ಅತ್ತಿಗೆ, ಮನೆಗೆ ಡಬ್ಬಿ ತುಂಬ ಸಲಾಡ್ ಒಯ್ದಿದ್ದೆ. ಮುಚ್ಚಳ ತೆಗೆದರೆ ಅರ್ಧ ಡಬ್ಬಿ ಗುಲಾಬಿ ಬಣ್ಣದ ನೀರು, ಮೇಲೆ ಆಕ್ರೋಟು ತೇಲುತ್ತಿತ್ತು. ವೈನಿ ಒಮ್ಮೆ ಬಗ್ಗಿ ನೋಡಿ, "ಚಮಚಾ ಕೊಡ್ಲೋ, ಲೋಟಾ ಕೊಡ್ಲೋ?" ಅಂದರು.

ಹೆಚ್ಚಿದ ಹಣ್ಣಿಗೆ ಉಪ್ಪು, ಸಕ್ಕರೆ ತಾಗಿದರೆ ಒಳಗಿನ ನೀರನ್ನು ಹೊರಗೆ ಎಳೆಯುತ್ತವೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುತ್ತೇವಲ್ಲ, ಅದೇ ಲೆಕ್ಕ ಇಲ್ಲೂ.

ಈಗ ನಾಲ್ಕು ಜನಕ್ಕೆ ನಾನು ಹಾಕುವುದು ಎರಡು ಪೇರಲ, ಎರಡು ನಾಗಪುರ ಕಿತ್ತಳೆ, ಒಂದು ದಾಳಿಂಬೆ, 10-12 ಸ್ಟ್ರಾಬೆರಿ. ಪೇರಲ ಅಂದರೆ ಬೆಂಗಳೂರಿನವರ ಸೀಬೆ. ಇಲ್ಲಿ ಪೇರೂ ಅಂತಾರೆ, ಹಾಗಾಗಿ ನಮ್ಮ ಕಡೆಯವರಿಗೆ ಮಂಡಈಯಲ್ಲಿ, ಅಂದರೆ ಇಲ್ಲಿನ ಹಣ್ಣು-ತರಕಾರಿ ಮಾರುಕಟ್ಟೆಯಲ್ಲಿ, ಕೇಳುವುದು ಸುಲಭ. ಸ್ವಲ್ಪ ಗಟ್ಟಿ ಇರುವುದನ್ನೇ ಆರಿಸಿ. ಅದು ನೀರು ಬಿಡುವುದು ಕಡಿಮೆ, ಇಡೀ ಸಲಾಡಿಗೆ ಕಡಿಯುವ ಗುಣ ಕೊಡುವುದೂ ಅದೇ.

ಎಡವುವುದು ಕಿತ್ತಳೆಯಲ್ಲಿ. ಚೆಂದ ಕಾಣಲಿ ಎಂದು ತೊಳೆಯ ಮೇಲಿನ ತೆಳು ಪೊರೆಯನ್ನೂ ಸುಲಿದರೆ ರಸ ಸೋರುತ್ತಲೇ ಇರುತ್ತದೆ. ಬಿಳಿ ನಾರು ಮಾತ್ರ ತೆಗೆಯಿರಿ. ತೊಳೆಯ ಒಳಬದಿಯ ಅಂಚನ್ನು ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿ ಬೆರಳಿನಿಂದ ಒತ್ತಿ, ಬೀಜ ಜಾರಿ ಬರುತ್ತದೆ. ಎರಡು ಹಣ್ಣಿಗೆ ಐದು ನಿಮಿಷ. ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ, ಅರ್ಧ ತಿಂದುಬಿಡುತ್ತಾರೆ ಅನ್ನುವುದೊಂದೇ ತೊಂದರೆ.

ಸ್ಟ್ರಾಬೆರಿಯನ್ನು ತೊಟ್ಟು ಇರುವಾಗಲೇ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ. ತೊಟ್ಟು ಕಿತ್ತು ತೊಳೆದರೆ ಆ ಗುಳಿಯೊಳಗೆ ನೀರು ಕೂರುತ್ತದೆ. ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲೇ ಜಿಐ ಟ್ಯಾಗ್, ಅಂದರೆ ಆ ಊರಿನದೇ ಎಂಬ ಭೌಗೋಳಿಕ ಗುರುತು, ಸಿಕ್ಕಿದೆ, ಅದಕ್ಕೋ ಏನೋ ಗಾಡಿಯವನಿಗೆ ಪ್ರತಿ ಡಬ್ಬಿಯೂ ಮಹಾಬಳೇಶ್ವರದ್ದೇ! ಹೆಸರು ಬಿಡಿ, ಡಬ್ಬಿ ತಿರುಗಿಸಿ ತಳ ನೋಡಿ. ತೊಟ್ಟಿನ ಹತ್ತಿರ ಬೆಳ್ಳಗಿದ್ದರೆ ಬೇಡ. ಕಿತ್ತ ಮೇಲೆ ಈ ಹಣ್ಣಿಗೆ ಸಿಹಿ ಏರುವುದಿಲ್ಲ, ಮನೆಯಲ್ಲಿ ಎರಡು ದಿನ ಇಟ್ಟರೂ ಹುಳಿಯೇ.

ಒಂದು ಮುಷ್ಟಿ ಆಕ್ರೋಟು, ಹತ್ತು ಗೋಡಂಬಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಪೂರ್ತಿ ಆರಿಸಿ ಬೇರೆ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಅದರ ಬೆವರಿಗೇ ಮೆತ್ತಗಾಗುತ್ತದೆ. ಆಕ್ರೋಟಿನ ಸಿಪ್ಪೆ ಸ್ವಲ್ಪ ಒಗರು, ಹುರಿದ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಒಂದಷ್ಟು ಉದುರುತ್ತದೆ. ಹಳೆ ಆಕ್ರೋಟಿನ ಎಣ್ಣೆ ಕನರಿರುತ್ತದೆ, ಒಂದನ್ನು ಬಾಯಿಗೆ ಹಾಕಿ ನೋಡದೆ ಬಳಸಬೇಡಿ.

ತಿನ್ನಲು ಕೂತಾಗ ಎಲ್ಲ ಸೇರಿಸಿ, ಅರ್ಧ ನಿಂಬೆ, ಒಂದು ಚಮಚ ಜೇನು, ಚಿಟಿಕೆ ಉಪ್ಪು, ಮೆಣಸಿನ ಪುಡಿ, ಅಂದರೆ ಕಾಳುಮೆಣಸು, ಖಾರದ ಪುಡಿ ಅಲ್ಲ. ಮೇಲೆ ಹುರಿದ ಬಿಳಿ ಎಳ್ಳು. ಸ್ಟ್ರಾಬೆರಿ ಹೆಚ್ಚುವುದೂ ಆಗಲೇ, ಎರಡೇ ಹೋಳು.

ಮೊಸರು ಹಾಕುವ ಆಸೆ ಇದ್ದರೆ ಡೇರಿಯಿಂದ ಚಕ್ಕಾ ತನ್ನಿ. ಶ್ರೀಖಂಡಕ್ಕೆ ಬಳಸುತ್ತಾರಲ್ಲ, ನೀರು ಇಳಿಸಿದ ಗಟ್ಟಿ ಮೊಸರು, ಅದು. ಈಗ ವೈನಿ ಮನೆಗೆ ಮೂರು ಡಬ್ಬಿ ಒಯ್ಯುತ್ತೇನೆ: ಹಣ್ಣು ಒಂದರಲ್ಲಿ, ಗೋಡಂಬಿ-ಆಕ್ರೋಟು ಒಂದರಲ್ಲಿ, ನಿಂಬೆ-ಜೇನು ಒಂದರಲ್ಲಿ. ಲೋಟ ಮಾತ್ರ ಅವರು ಈಗಲೂ ತಂದಿಡುತ್ತಾರೆ.