ಸಾಲ ತೀರಿಸ್ಕೊಂಡು ಆಮೇಲೆ ಬರೋಣ ಅಂತಿದ್ದವರು

(ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ, ಜೂಜಿನ ಚಟ ಇದ್ದ ಒಬ್ಬರ ಕತೆ. ಗುರುತು ಸಿಗಬಾರದು ಅಂತ ವಿವರ ಬದಲಾಯಿಸಿದೀನಿ.)

34 ವರ್ಷದೋರು, ಪ್ರೈವೇಟ್ ಕಂಪನಿ ಕೆಲಸ, ಒಂದು ಮಗು. ಬಂದಿದ್ದು ನಿದ್ದೆ ಬರಲ್ಲ, ಗ್ಯಾಸ್ಟ್ರಿಕ್ಕು, ಎದೆ ಡವಡವ ಅಂತ. ಜೂಜಿನ ಸುದ್ದಿನೇ ಎತ್ತಲಿಲ್ಲ. ಆದ್ರೆ ಫೋನನ್ನ ಟೇಬಲ್ ಮೇಲೆ ಬೋರಲು ಹಾಕಿ ಅಂಗೈ ಒತ್ಕೊಂಡೇ ಕೂತಿದ್ರು, ಅದು ವೈಬ್ರೇಟ್ ಆದಾಗೆಲ್ಲ ಮಾತು ನಿಂತೋಗ್ತಿತ್ತು. "ಸಾಲದವ್ರಾ?" ಅಂತ ಕೇಳ್ದೆ. ಆಗ ಒಂದೊಂದೇ ಹೊರಗೆ ಬಂತು, ಐಪಿಎಲ್ ಟೈಮಲ್ಲಿ ಫ್ರೆಂಡ್ ಕೊಡ್ಸಿದ ಬೆಟ್ಟಿಂಗ್ ಐಡಿ (ಬೆಟ್ ಕಟ್ಟೋಕೆ ಕೊಡೋ ಲಾಗಿನ್), ಆಮೇಲೆ ರಮ್ಮಿ, ಲೋನ್ ಆಪ್, ಕೈಸಾಲ, ಕೊನೆಗೆ ಹೆಂಡ್ತಿ ನೆಕ್ಲೇಸ್ ಅಡ ಇಟ್ಟಿದ್ದು.

ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ ಅಂದ್ರೆ, "ಒಂದು ಸಲ ದೊಡ್ಡದಾಗಿ ಹೊಡೆದ್ರೆ ಎಲ್ಲ ಕ್ಲಿಯರ್ ಮೇಡಂ, ಸಾಲ ತೀರಿಸ್ಬಿಟ್ಟು ಆಮೇಲೆ ಹೇಳೋಣ ಅಂತಿದ್ದೆ." ಜನ ನಾಚಿಕೆಯಿಂದ ಬರಲ್ಲ ಅಂತಾರೆ, ಅದೂ ನಿಜ, ಆದ್ರೆ ನಾನು ನೋಡಿರೋ ಮಟ್ಟಿಗೆ ಅದಕ್ಕಿಂತ ದೊಡ್ಡ ಅಡ್ಡಿ ಕಳ್ಕೊಂಡಿದ್ದನ್ನ ವಾಪಸ್ ಗೆಲ್ತೀನಿ ಅನ್ನೋ ಈ ಆಸೆ. ಕುಡಿಯೋರಾದ್ರೆ ವಾಸನೆ ಬರುತ್ತೆ, ಮನೆಯವ್ರೇ ಎಳ್ಕೊಂಡು ಬರ್ತಾರೆ, ಇದ್ರಲ್ಲಿ ಸಾಲದವ್ರು ಬಾಗಿಲಿಗೆ ಬರೋವರೆಗೂ ಯಾರಿಗೂ ಗೊತ್ತಾಗಲ್ಲ.

ಪೊಲೀಸ್ ಭಯನೂ ಇತ್ತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಲಿ ಶಿಕ್ಷೆ ಇರೋದು ಆಡಿಸೋರಿಗೆ, ಜಾಹೀರಾತು ಕೊಡೋರಿಗೆ, ಹಣ ಸಾಗಿಸೋರಿಗೆ ಅಂತ ಬಿಡಿಸಿ ಹೇಳ್ದೆ. ಚಿಕಿತ್ಸೆ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆನೇ ಹೇಳುತ್ತೆ, ಆಫೀಸಿಗೆ ಯಾರೂ ಫೋನ್ ಮಾಡಲ್ಲ. ಇದು ಬರೀ ಕೆಟ್ಟ ಚಟ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಲೇ ಇದೆ ಅಂದಾಗ ತುಂಬಾ ಹೊತ್ತು ಸುಮ್ನಿದ್ರು.

ಸಾಯೋ ಯೋಚನೆ ಬಂದಿದ್ಯಾ ಅಂತ ನೇರವಾಗೇ ಕೇಳ್ದೆ. ಬಂದಿತ್ತಂತೆ. ದಯವಿಟ್ಟು ಇದನ್ನ ಕೇಳೋಕೆ ಯಾರೂ ಹಿಂಜರೀಬೇಡಿ, ಕೇಳಿದ್ರೆ ಆ ಯೋಚನೆ ಹುಟ್ಟಲ್ಲ. ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಸೇವ್ ಮಾಡಿಸ್ದೆ, ಫ್ರೀ, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡಬಹುದು. ಸೈಕಿಯಾಟ್ರಿಸ್ಟ್ ಹತ್ರನೂ ಕಳಿಸ್ದೆ.

ಹೆಂಡ್ತಿಗೆ ಹೇಳೋದು ಹೇಗೆ ಅನ್ನೋದಕ್ಕೇ ಜಾಸ್ತಿ ಟೈಮ್ ಹೋಯ್ತು. ಅರ್ಧ ಹೇಳಿ ಅರ್ಧ ಮುಚ್ಚಿಡಬೇಡಿ, ಆಮೇಲೆ ಇನ್ನೊಂದು ಸಾಲ ಹೊರಬಿದ್ರೆ ನಂಬಿಕೆ ಪೂರ್ತಿ ಹೋಗುತ್ತೆ ಅಂದೆ. ಅಲ್ಲೇ ಕೂತು ಒಂದು ಹಾಳೇಲಿ ಯಾರಿಗೆ ಎಷ್ಟು, ಬಡ್ಡಿ ಎಷ್ಟು, ನೆಕ್ಲೇಸ್ ಎಲ್ಲಿದೆ, ಎಲ್ಲ ಬರೆದ್ರು. ಸಂಬಳದ ಅಕೌಂಟ್ ಸದ್ಯಕ್ಕೆ ಹೆಂಡ್ತಿ ನೋಡ್ಕೊಳ್ಳಲಿ, ಯುಪಿಐ ಲಿಮಿಟ್ ಕಮ್ಮಿ ಮಾಡಿ, ಐಡಿ ಕೊಟ್ಟೋನ ನಂಬರ್ ಬ್ಲಾಕ್ ಮಾಡಿ, ಸಾಲ ತೀರಿಸೋಕೆ ಇನ್ನೊಂದು ಸಾಲ ಬೇಡ.

ಮುಂದಿನ ಸಲ ದಂಪತಿ ಇಬ್ರೂ ಬಂದ್ರು. ಆಯಮ್ಮ ಅತ್ತು, ಬೈದು, ಆಮೇಲೆ "ಅಪ್ಪನ ಹತ್ರ ದುಡ್ಡು ತಂದು ಎಲ್ಲ ಕಟ್ಬಿಡ್ಲಾ?" ಅಂದ್ರು. ಒಟ್ಟಿಗೆ ಕಟ್ಬೇಡಿ ಅಂದೆ, ಸಾಲದ ಭಾರ ಇಳಿದ ತಕ್ಷಣ ಮತ್ತೆ ಆಡೋ ಆಸೆ ಬರುತ್ತೆ. ಸಾಲದವ್ರ ಜೊತೆ ಮಾತಾಡಿ ಕಂತು ಮಾಡ್ಕೊಳ್ಳಿ, ಕಂತು ನಿಮ್ಮ ಯಜಮಾನ್ರ ಸಂಬಳದಿಂದಲೇ ಹೋಗ್ಲಿ, ಕಟ್ಟೋದು ನೀವು.