ಜೆನೆಟಿಕ್ ಕೌನ್ಸೆಲರ್ ಆಗಲು ವೈದ್ಯಕೀಯ ಪದವಿ ಬೇಕೇ?

ಪ್ರಶ್ನೆ: ನಾನು ಬಿ.ಎಸ್‌ಸಿ. ಬಯೋಟೆಕ್ನಾಲಜಿ ಅಂತಿಮ ವರ್ಷದಲ್ಲಿದ್ದೇನೆ. ಪ್ರಯೋಗಾಲಯಕ್ಕಿಂತ ಜನರೊಡನೆ ಮಾತನಾಡುವ ಕೆಲಸ ನನಗೆ ಇಷ್ಟ. ಜೆನೆಟಿಕ್ ಕೌನ್ಸೆಲರ್ ಆಗಲು ವೈದ್ಯಕೀಯ ಪದವಿ ಬೇಕೇ? ಕೆಲಸ ಹೇಗಿರುತ್ತದೆ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕಡ್ಡಾಯವೇನಲ್ಲ. ವಂಶಪಾರಂಪರ್ಯವಾಗಿ ಬರುವ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವವರೇ ಜೆನೆಟಿಕ್ ಕೌನ್ಸೆಲರ್. ಜೀವವಿಜ್ಞಾನದ ಪದವಿಯ ನಂತರ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿಯೇ ಎಂ.ಎಸ್‌ಸಿ. ಮಾಡುವುದು ನೇರವಾದ ದಾರಿ. ಮಣಿಪಾಲದ ಕಸ್ತೂರ್‌ಬಾ ಮೆಡಿಕಲ್ ಕಾಲೇಜಿನಲ್ಲಿ ಈ ಕೋರ್ಸ್ ಇದೆ. ಕಾಯಿಲೆಯನ್ನು ನಿರ್ಣಯಿಸುವುದೂ ಚಿಕಿತ್ಸೆ ನೀಡುವುದೂ ವೈದ್ಯರ ಹೊಣೆ, ಕೌನ್ಸೆಲರ್‌ನದಲ್ಲ.

ಕೆಲಸ ಶುರುವಾಗುವುದು ವಂಶವೃಕ್ಷ ಬರೆಯುವುದರಿಂದ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರ ಗುರುತನ್ನು ತುಂಬಿ ತೋರಿಸಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ದಂಪತಿಯ ನಡುವೆ ಜೋಡಿಗೆರೆ ಎಳೆಯಬೇಕು. ನಮ್ಮ ಕಡೆ ಈ ಜೋಡಿಗೆರೆ ಅಪರೂಪವಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ತೀರಿಕೊಂಡ ಕೂಸನ್ನು ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುಬಿಡುವುದುಂಟು. ಅದನ್ನು ನೋವಾಗದಂತೆ ಕೇಳಿ ತಿಳಿಯುವ ಜಾಣ್ಮೆ ನಿಮ್ಮಲ್ಲಿರಬೇಕು.

ಆಮೇಲಿನದು ವಿವರಿಸುವ ಕೆಲಸ. ಗಂಡ ಹೆಂಡತಿ ಇಬ್ಬರೂ ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ದೋಷವಿರುವ ಜೀನ್ ಹೊತ್ತವರಾಗಿದ್ದರೆ, ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಇದನ್ನು ಕೇಳಿದ ಅನೇಕರು, ಮೊದಲ ಮಗುವಿಗೆ ಬಂದಾಯಿತಲ್ಲ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದುಕೊಳ್ಳುತ್ತಾರೆ. ಪ್ರತಿ ಬಸಿರಿನಲ್ಲಿಯೂ ಅದೇ ಶೇ. 25 ಹೊಸದಾಗಿ ಎದುರಾಗುತ್ತದೆ ಎಂಬುದನ್ನು ಹೆದರಿಸದೆ, ಮುಚ್ಚಿಡದೆ ಮನದಟ್ಟು ಮಾಡಿಸಬೇಕು. ಮುಂದೆ ಮಗು ಬೇಕೋ ಬೇಡವೋ, ಗರ್ಭದಲ್ಲಿಯೇ ಪರೀಕ್ಷೆ ಮಾಡಿಸಬೇಕೋ ಎಂಬ ತೀರ್ಮಾನ ಮಾತ್ರ ಅವರದು. "ನೀವೇ ಹೇಳಿ ಮೇಡಂ" ಎಂದು ಅವರು ಒತ್ತಾಯಿಸಿದಾಗಲೂ ನಿಮ್ಮ ಅಭಿಪ್ರಾಯವನ್ನು ಹೇರದಿರುವುದು, ನನ್ನ ದೃಷ್ಟಿಯಲ್ಲಿ, ಈ ವೃತ್ತಿಯ ಅತ್ಯಂತ ಕಷ್ಟದ ಭಾಗ.

ಕಾನೂನಿನ ಅರಿವೂ ಅಗತ್ಯ. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರಗಳು ನೋಂದಣಿ ಮಾಡಿಸಿರಬೇಕು, ಭ್ರೂಣದ ಲಿಂಗವನ್ನು ಸನ್ನೆಯಿಂದಲೂ ತಿಳಿಸುವಂತಿಲ್ಲ.

ಉದ್ಯೋಗಗಳು ಹೆಚ್ಚಾಗಿ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಮತ್ತು ಜೀನ್ ಪರೀಕ್ಷೆ ನಡೆಸುವ ಕಂಪನಿಗಳಲ್ಲಿವೆ. ಪರೀಕ್ಷೆ ಮಾರುವ ಸಂಸ್ಥೆಯ ಸಂಬಳ ಪಡೆಯುತ್ತಲೇ "ನಿಮಗೆ ಈ ಪರೀಕ್ಷೆ ಬೇಡ" ಎನ್ನಬೇಕಾದ ಸಂದರ್ಭವೂ ಬರಬಹುದು. ಆದುದರಿಂದ ಮೊದಲ ಕೆಲವು ವರ್ಷ ಆಸ್ಪತ್ರೆಯಲ್ಲಿ ಪಳಗುವುದು ಲೇಸು. ಅರ್ಜಿ ಹಾಕುವ ಮುನ್ನ ಯಾವುದಾದರೂ ವೈದ್ಯಕೀಯ ಕಾಲೇಜಿನ ಜೆನೆಟಿಕ್ಸ್ ವಿಭಾಗಕ್ಕೆ ಪತ್ರ ಬರೆದು, ರೋಗಿಗಳ ಒಪ್ಪಿಗೆಯೊಂದಿಗೆ ಕೆಲವು ದಿನ ಸಮಾಲೋಚನೆಯನ್ನು ಕುಳಿತು ನೋಡಲು ಅವಕಾಶ ಕೇಳಿ.